ಅಪ್ಪನಿಗೊಂದು ಎಲೆ

ಕ್ರಿಸ್ತಶಕ ೨೨೦೩, ಮಹಾಲಯ ಅಮಾವಾಸ್ಯೆ, ಊಟದ ಹೊತ್ತು ಮೀರಿದ ಮೇಲೆ

ಚಿಕ್ಕತಾಯಮ್ಮಜ್ಜಿಯವರಿಗೆ, ನಿಮ್ಮಿಂದ ಏಳನೇ ತಲೆಮಾರಿನ ಮಾದೇವಿಯ ನಮಸ್ಕಾರಗಳು. ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ತಮಾಷೆ ಮಾಡುವಷ್ಟು ತ್ರಾಣ ನನಗಿಲ್ಲ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನೀವು ಕ್ಯಾಲೊರಿ ಅನ್ನುವುದನ್ನು ನಾವು ಕಾವು ಅನ್ನುತ್ತೇವೆ. ನಿಮ್ಮ ಕಾಲದಲ್ಲಿ ಊಟದ ಫೋಟೋ ತೆಗೆದು ಅದರ ಲೆಕ್ಕ ನೋಡುವ ಶೋಕಿ ಇತ್ತಂತೆ. ಈಗ ತಟ್ಟೆಯೇ ನೋಡುತ್ತದೆ. ಅಂಚಿನಿಂದ ಒಂದು ಬೆಳಕು ಹಾದು, ಎಣ್ಣೆ ಎಷ್ಟು, ಬೆಲ್ಲ ಎಷ್ಟು ಎಂದು ಜಾಲಾಡಿ ಕಾವು ಹೇಳಿಬಿಡುತ್ತದೆ. ಒಬ್ಬೊಬ್ಬರಿಗೂ ಅವರ ಹೆಸರಿನ ತಟ್ಟೆ, ಅವರ ಮೈಗೆ ತಕ್ಕ ಕಾವು. ಅಡುಗೆಯೆಲ್ಲ ಗೋಡೆಯೊಳಗಿನ ಬಡಿಸುಪೆಟ್ಟಿಗೆಯಲ್ಲೇ ಬೇಯುತ್ತದೆ. ತಟ್ಟೆಯ ಹೆಸರಿನಲ್ಲಿ ಕಾವು ಉಳಿದಿದ್ದರೆ ಮಾತ್ರ ಅದು ಬಾಯಿ ತೆರೆಯುತ್ತದೆ. ಹಸಿದು ಮಲಗುವವರು ಈಗ ಯಾರೂ ಇಲ್ಲ, ಅದನ್ನು ಒಪ್ಪಬೇಕು. ಒಂದು ತುತ್ತು ಹೆಚ್ಚಿಗೆ ಹಾಕಿಸಿಕೊಂಡವರೂ ಇಲ್ಲ.

ನಮ್ಮಪ್ಪ ಪುಟ್ಟಮಾದಯ್ಯ ಯುಗಾದಿ ಕಳೆದ ಮೇಲೆ ತೀರಿಕೊಂಡರು. ಸಕ್ಕರೆ ಕಾಯಿಲೆ ಬಂದಾಗಿನಿಂದ ಒಬ್ಬಟ್ಟು ಕಂಡರೆ ಅವರ ತಟ್ಟೆ ಕೆಂಪಗಾಗುತ್ತಿತ್ತು. ಅಪ್ಪ ದಾಯಾದಿಯ ಜೊತೆ ಆಡುವ ಹಾಗೆ ಅದರ ಜೊತೆ ಜಗಳ ಆಡಿ, ಕೊನೆಗೆ ಮುದ್ದೆ ನುಂಗಿ ಏಳುತ್ತಿದ್ದರು. ಸತ್ತ ಮೇಲಾದರೂ ತುಪ್ಪ ಸುರಿದು ಒಬ್ಬಟ್ಟು ಇಡುತ್ತೇನೆ ಅಂತ ಅವ್ವ ಮಾತು ಕೊಟ್ಟಿದ್ದಳು.

ಇವತ್ತು ಅವರ ಮೊದಲ ಎಡೆ. ಅವ್ವ ತಲೆಗೆ ಸ್ನಾನ ಮಾಡಿ, ಹೊಸ ಪಂಚೆ ಮಡಿಸಿಟ್ಟು, ಅಪ್ಪನ ತಟ್ಟೆಯನ್ನು ಪೆಟ್ಟಿಗೆಗೆ ಹಿಡಿದಳು. ತೀರಿಕೊಂಡವರ ಕಾವು ಸೊನ್ನೆ. ಪೆಟ್ಟಿಗೆ ಬಾಯಿ ತೆರೆಯಲಿಲ್ಲ. ಊಟದ ಕಚೇರಿಗೆ ಕೇಳಿದರೆ, ಸತ್ತವರು ಉಣ್ಣುವುದಿಲ್ಲವಲ್ಲ ಅಂದರು. ನನ್ನ ತಟ್ಟೆಗೆ ಒಬ್ಬಟ್ಟು ಇಳಿಸಿ ತಂದುಕೊಟ್ಟೆ. ಅವ್ವ ಮುಟ್ಟಲಿಲ್ಲ. "ನಿನ್ ಹೆಸ್ರಲ್ ಇಳ್ದಿದ್ದು ನಿನ್ ಎಂಜ್ಲು ಕಣವ್ವ. ಎಡೆಗೆ ಎಂಜ್ಲು ಮಡಗ್ತಾರಾ?" ಅಂದಳು. ಅಪ್ಪ ಉಣ್ಣುವ ತನಕ ತಾನು ಉಣ್ಣುವುದಿಲ್ಲ ಅಂತ ಗೋಡೆಗೆ ಒರಗಿ ಕೂತಿದ್ದಾಳೆ. ಬೆಳಿಗ್ಗೆಯಿಂದ ಹನಿ ನೀರು ಕುಡಿದಿಲ್ಲ. ನನಗೆ ಭಯವಾಗಿದೆ ಅಜ್ಜಿ. ಕಚೇರಿಯ ಜೊತೆಗೂ ಅವ್ವನ ಜೊತೆಗೂ ಗುದ್ದಾಡಿ ಸಾಕಾಗಿದೆ.

ನಿಮ್ಮ ಮನೆಯ ಒಲೆ ಯಾರ ಹೆಸರನ್ನೂ ಕೇಳುವುದಿಲ್ಲ. ಈ ಸಲ ನಿಮ್ಮ ಹಿರಿಯರಿಗೆ ಎಡೆ ಇಡುವಾಗ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ. ಇನ್ನೂ ಹುಟ್ಟದವನಿಗೂ ಎಡೆಯಾ ಅಂತ ಜನ ನಕ್ಕರೆ ನಗಲಿ. ಪುಟ್ಟಮಾದಯ್ಯ ಅಂತ ಹೆಸರು ಹೇಳಿ ಎರಡು ಒಬ್ಬಟ್ಟು ಇಡಿ, ತುಪ್ಪಕ್ಕೆ ಕೈ ಬಿಗಿ ಹಿಡಿಯಬೇಡಿ. ಆಮೇಲೆ ಬಾಗಿಲು ಮುಂದೆ ಮಾಡಿ ಅಪ್ಪ ಬಂದು ಉಣ್ಣುವಷ್ಟು ಹೊತ್ತು ಹೊರಗೆ ಕೂತಿರಿ.

ನಿಮಗೆ ಅದು ಇನ್ನು ಆಗಬೇಕಾದ್ದು, ನಮಗೆ ಎಂದೋ ಆಗಿಹೋದದ್ದು. ಅದಕ್ಕೇ ನಾನು ಉತ್ತರಕ್ಕೆ ಕಾಯುವುದಿಲ್ಲ. ಚಿಕ್ಕತಾಯಮ್ಮಜ್ಜಿ ಬಡಿಸಿದರು, ಅಪ್ಪ ಉಂಡರು ಎಂದು ಈಗಲೇ ಹೋಗಿ ಅವ್ವನಿಗೆ ಹೇಳಿ ಅನ್ನ ಕಲಸುತ್ತೇನೆ. ನನ್ನ ಮಾತು ಸುಳ್ಳು ಮಾಡಬೇಡಿ.