ಆ ಕಬ್ಬಿಣದ ಕೋಣೆಯಲ್ಲಿ ಕೂರಲು ನನ್ನನ್ನು ಬಿಡಿ

ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಮೂತ್ರಕೋಶವನ್ನು ಕತ್ತರಿಸಿ ತೆಗೆಯಲು ತಾವು ಒಪ್ಪಿಗೆ ಕೊಟ್ಟಿದ್ದೀರಿ. ಅದನ್ನು ಉಳಿಸಿಕೊಳ್ಳಲು ಕೊಟ್ಟಿಲ್ಲ. ಬರುವ ಸೋಮವಾರ ಆಪರೇಷನ್. ನನಗೆ ಹೆದರಿಕೆಯಾಗಿದೆ. ಇದನ್ನು ಬಾಯಲ್ಲಿ ಹೇಳಲು ತಮ್ಮ ಕಚೇರಿಗೆ ಬಂದಿದ್ದೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಜಯಾ. ಶಿರಸಿಯಿಂದ ಸಿದ್ದಾಪುರಕ್ಕೂ ಯಲ್ಲಾಪುರಕ್ಕೂ ಓಡುವ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವಳು. ಆಯಸ್ಸೆಲ್ಲ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಕೂಗಿ ಕೂಗಿ ದನಿ ಒರಟಾಗಿದೆ, ತಾವು ಮನ್ನಿಸಬೇಕು. ಆರು ವರ್ಷದ ಹಿಂದೆ ನನಗೆ ಗರ್ಭಕಂಠದ ಕ್ಯಾನ್ಸರ್ ಆಯಿತು. ಕಿಬ್ಬೊಟ್ಟೆಗೆ ವಿಕಿರಣ ಚಿಕಿತ್ಸೆ ಕೊಟ್ಟರು. ನಮ್ಮ ಕಡೆ ಅದನ್ನು ಕರೆಂಟು ಕೊಡುವುದು ಎನ್ನುತ್ತಾರೆ. ತಮ್ಮದೇ ಯೋಜನೆಯಲ್ಲಿ ಆಯಿತು, ಋಣ ಮರೆತಿಲ್ಲ. ಕ್ಯಾನ್ಸರ್ ಹೋಯಿತು. ಆದರೆ ಆ ಕರೆಂಟು ಪಕ್ಕದಲ್ಲಿದ್ದ ಮೂತ್ರಕೋಶವನ್ನೂ ಸುಟ್ಟಿತ್ತು. ಅದು ಗೊತ್ತಾದದ್ದು ಹೋದ ದೀಪಾವಳಿಯ ಹೊತ್ತಿಗೆ, ಬಚ್ಚಲಲ್ಲಿ ನೆಲವೆಲ್ಲ ಕೆಂಪಾದಾಗ. ಹೋದದ್ದು ತಿರುಗಿ ಬಂತು ಎಂದುಕೊಂಡೆ. ಗೋಡೆ ಹಿಡಿದು ನಿಂತೆ. ಆಮೇಲೆ ನೀರು ಹೊಯ್ದು ತೊಳೆದು, ಯಾರಿಗೂ ಹೇಳದೆ ಅಡುಗೆ ಮಾಡಿದೆ.

ಕ್ಯಾನ್ಸರ್ ಬಂದಿಲ್ಲ ಎಂದರು ಹುಬ್ಬಳ್ಳಿಯ ಡಾಕ್ಟರು. ಮೂತ್ರಕೋಶದ ಒಳಗಿನ ಸಣ್ಣ ರಕ್ತನಾಳಗಳು ಬತ್ತಿಹೋಗಿವೆ, ಅಲ್ಲಿಗೆ ಆಮ್ಲಜನಕ ಮುಟ್ಟುತ್ತಿಲ್ಲ, ಅದಕ್ಕೇ ಹುಣ್ಣಾಗಿ ರಕ್ತ ಒಸರುತ್ತಿದೆ. ಒಂದು ದಾರಿಯಿದೆ. ಕಬ್ಬಿಣದ ಕೋಣೆಯೊಂದರಲ್ಲಿ ಕೂರಿಸಿ, ಬಾಗಿಲು ಬಿಗಿದು, ಒಳಗೆ ಗಾಳಿಯ ಒತ್ತಡ ಏರಿಸಿ, ಶುದ್ಧ ಆಮ್ಲಜನಕ ಉಸಿರಾಡಲು ಕೊಡುತ್ತಾರೆ. ದಿನಾ ಒಂದೆರಡು ತಾಸು, ಹಲವು ವಾರ. ಆ ಒತ್ತಡದಲ್ಲಿ ಆಮ್ಲಜನಕ ಸುಟ್ಟ ಜಾಗಕ್ಕೂ ಇಳಿಯುತ್ತದೆ, ಹೊಸ ನಾಳಗಳು ಚಿಗುರುತ್ತವೆ. "ಎಲ್ಲರಿಗೂ ಗುಣ ಆಗ್ತದ ಅಂತ ಹೇಳೂದಿಲ್ಲ ಜಯಮ್ಮ, ಭಾಳ ಮಂದಿಗೆ ರಕ್ತ ನಿಂತದ. ತಡಾ ಮಾಡಬ್ಯಾಡ್ರಿ" ಎಂದರು. ಆ ಕೋಣೆ ಇರುವುದು ಘಟ್ಟದ ಕೆಳಗೆ, ದೂರದ ಊರಿನಲ್ಲಿ. ತಮಗೆ ಅರ್ಜಿ ಹಾಕಿದೆ.

ತಮ್ಮ ಉತ್ತರ ನನಗೆ ಬಾಯಿಪಾಠ: "ಅರ್ಜಿದಾರರು ಕ್ಯಾನ್ಸರ್‌ನಿಂದ ಗುಣಮುಖರಾಗಿರುತ್ತಾರೆ. ಆಮ್ಲಜನಕದ ಸೌಲಭ್ಯ ತಾಲೂಕು ಆಸ್ಪತ್ರೆಯಲ್ಲಿಯೇ ಲಭ್ಯವಿರುತ್ತದೆ." ದೊಡ್ಡವರು ಬರೆದದ್ದು ಸುಳ್ಳಿರಲಿಕ್ಕಿಲ್ಲ ಎಂದು ಆಸ್ಪತ್ರೆಗೆ ಹೋದೆ. ಅಲ್ಲಿನ ನರ್ಸ್ ಮಮತಾ ಪರಿಚಯದವಳು. ಓದಿ ಮುಖ ಸಣ್ಣ ಮಾಡಿಕೊಂಡಳು. "ಜಯಕ್ಕ, ಇದು ದಮ್ಮು ಕಟ್ಟಿದವರಿಗೆ ಹಾಕೋ ಮಾಸ್ಕು. ನಿಮಗೆ ಬೇಕಾದ್ದು ಇದಲ್ಲ." ನಾನು ಬಿಡಲಿಲ್ಲ, ಸ್ವಲ್ಪ ಹೊತ್ತು ಹಾಕು ಮಾರಾಯ್ತಿ ಎಂದು ಕಾಡಿದೆ. ಹೆದರಿದವರಿಗೆ ಬುದ್ಧಿ ಎಲ್ಲಿರುತ್ತದೆ? ಮಾಸ್ಕು ಹಾಕಿಕೊಂಡು ಕೂತೆ, ಎದ್ದು ಬಚ್ಚಲಿಗೆ ಹೋದೆ, ಮತ್ತೆ ರಕ್ತವೇ. ಸಿದ್ದಾಪುರಕ್ಕೆ ಟಿಕೆಟ್ ಕೇಳಿದವರಿಗೆ "ರಸ್ತೆ ಇಲ್ಲೂ ಇದೆಯಲ್ಲ, ಇಲ್ಲೇ ಇಳಿಯಿರಿ" ಎಂದು ನಾನು ಹೇಳಿದ್ದರೆ ನನ್ನ ಕೆಲಸ ಉಳಿಯುತ್ತಿತ್ತೇ? ತಮ್ಮದು ಉಳಿದಿದೆ.

ಇನ್ನು ನೀರಿನ ವಿಷಯ. ಬಸ್ಸಿನಲ್ಲಿ ಹೋಗುವ ದಿನ ಹೆಂಗಸರು ನೀರು ಕುಡಿಯುವುದಿಲ್ಲ, ತಮಗೆ ಗೊತ್ತೇ? ಇಳಿದರೆ ಹೋಗಲು ಜಾಗವಿಲ್ಲ, ಬಸ್ಸು ಕಾಯುವುದಿಲ್ಲ. ಡ್ಯೂಟಿಯುದ್ದಕ್ಕೂ ನಾನೂ ಹಾಗೇ ಇದ್ದೆ. ಈಗ ಡಾಕ್ಟರು ನೀರು ಕುಡಿಯುತ್ತಲೇ ಇರಿ, ಇಲ್ಲದಿದ್ದರೆ ರಕ್ತ ಒಳಗೇ ಹೆಪ್ಪುಗಟ್ಟುತ್ತದೆ ಎಂದಿದ್ದರು. ಆದರೂ ಹೋದ ತಿಂಗಳು ಹುಬ್ಬಳ್ಳಿಗೆ ಹೊರಟ ಬೆಳಿಗ್ಗೆ ಅಭ್ಯಾಸಬಲದಿಂದ ಒಂದು ಗುಟುಕೂ ಕುಡಿಯಲಿಲ್ಲ. ಮುಂಡಗೋಡಿಗೆ ಇನ್ನೂ ದೂರವಿರುವಾಗ ಮೂತ್ರ ಕಟ್ಟಿತು. ಕಿಬ್ಬೊಟ್ಟೆ ಕಲ್ಲಾಯಿತು. ಹಲ್ಲು ಕಚ್ಚಿ ಸೀಟಿನ ಸರಳು ಹಿಡಿದು ಕೂತೆ, ಈ ಕಾಡಿನ ರಸ್ತೆಯಲ್ಲೇ ಸಾಯುತ್ತೇನೆ ಎನಿಸಿತು.

ಓಡಿಸುತ್ತಿದ್ದವನು ಬಷೀರ್, ಹಿಂದೆ ನನ್ನ ಜೊತೆಗೇ ಡ್ಯೂಟಿ ಮಾಡಿದವನು. ಕನ್ನಡಿಯಲ್ಲಿ ನನ್ನ ಮುಖ ನೋಡಿ ಬಸ್ಸು ನಿಲ್ಲಿಸಿದ. "ಎಂತ ಆಯ್ತು ಜಯಕ್ಕ? ನೀರು ಕುಡ್ದಿದ್ರೋ ಇಲ್ವೋ?"

"ಬಸ್ಸಲ್ಲಿ ಯಾರು ಕುಡೀತಾರೆ ಮಾರಾಯಾ," ಎಂದೆ. ಅಷ್ಟಕ್ಕೇ ಅಳು ಬಂತು.

ಹಿಂದಿನ ಸೀಟಿನ ಮುದುಕಿ, ಪಾರ್ವತವ್ವ ಅಂತ ಆಮೇಲೆ ಗೊತ್ತಾಯಿತು, ಎದ್ದು ಬಂದು ನನ್ನ ಬೆನ್ನಿಗೆ ಕೈಯಿಟ್ಟಳು. "ನಡೀರಿ ಡ್ರೈವರ್‌ರ, ಸೀದಾ ಆಸ್ಪತ್ರಿಗೆ ಹೊಡೀರಿ. ನಮ್ಮ ಊರು ಎಲ್ಲಿಗೂ ಓಡಿ ಹೋಗಂಗಿಲ್ಲ." ತುಂಬಿದ ಬಸ್ಸು ಮುಂಡಗೋಡಿನ ಆಸ್ಪತ್ರೆಯ ಅಂಗಳಕ್ಕೆ ಹೋಯಿತು. ನಳಿಕೆ ಹಾಕಿ ಹೆಪ್ಪು ತೆಗೆಯುವವರೆಗೆ ಯಾರೂ ಗೊಣಗಲಿಲ್ಲವಂತೆ. ಯಾವ ಪಟ್ಟಿಯಲ್ಲೂ ನನ್ನ ಹೆಸರು ಹುಡುಕದೆ ಅವರು ನಿರ್ಧಾರ ಮಾಡಿದ್ದರು.

ಆ ಘಟನೆಯ ಬೆನ್ನಿಗೇ ತಮ್ಮ ಒಪ್ಪಿಗೆ ಬಂತು, ಮೂತ್ರಕೋಶ ತೆಗೆಯುವುದಕ್ಕೆ. ಅದು ತಮ್ಮ ಯೋಜನೆಯ ಪಟ್ಟಿಯಲ್ಲಿದೆಯಂತೆ. ಕೋಣೆ ಪಟ್ಟಿಯಲ್ಲಿಲ್ಲವಂತೆ. ತೆಗೆದ ಮೇಲೆ ಹೊಟ್ಟೆಗೆ ತೂತು ಮಾಡಿ, ಹೊರಗೊಂದು ಚೀಲ ಅಂಟಿಸುತ್ತಾರೆ, ಸಾಯುವ ತನಕ. ಚರ್ಮದ ಚೀಲವನ್ನು ಸೊಂಟಕ್ಕೆ ಹಾಕಿಕೊಂಡೇ ಬದುಕಿದವಳು ನಾನು. ಅದನ್ನು ಸಂಜೆ ಡಿಪೋದಲ್ಲಿ ಇಳಿಸುತ್ತಿದ್ದೆ. ಇದನ್ನು ಎಲ್ಲಿ ಇಳಿಸಲಿ? ಬೇರೆ ದಾರಿಯೇ ಇಲ್ಲದವರು ಆ ಚೀಲದೊಂದಿಗೆ ಧೈರ್ಯವಾಗಿ ಬದುಕುತ್ತಿದ್ದಾರೆ, ಅವರಿಗೆ ಕೈ ಮುಗಿಯುತ್ತೇನೆ. ನನಗೆ ದಾರಿಯಿದೆ, ಬಾಗಿಲಲ್ಲಿ ತಾವು ನಿಂತಿದ್ದೀರಿ.

ಆ ಕೋಣೆ ಕಂಡರೂ ನನಗೆ ಹೆದರಿಕೆಯೇ, ಸುಳ್ಳು ಹೇಳುವುದಿಲ್ಲ. ಬಾಗಿಲು ಬಿಗಿದ ಮೇಲೆ ಮಧ್ಯದಲ್ಲಿ ಏಳುವಂತಿಲ್ಲವಂತೆ. ಒತ್ತಡ ಏರುವಾಗ ಕಿವಿ ಕಟ್ಟುತ್ತದಂತೆ. ಅದನ್ನು ನಾನು ಬಲ್ಲೆ. ಅಪರೂಪಕ್ಕೆ ಕರಾವಳಿಯ ಬಸ್ಸಿಗೆ ಹಾಕಿದಾಗ, ದೇವಿಮನೆ ಘಟ್ಟ ಇಳಿಯುವಾಗ ಕಟ್ಟಿದರೆ ಎಂಜಲು ನುಂಗುತ್ತಿದ್ದೆ. ಅಲ್ಲೂ ನುಂಗುತ್ತೇನೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಸೋಮವಾರದ ಆಪರೇಷನ್ ಮುಂದಕ್ಕೆ ಹಾಕಿಸಿ, ಆ ಕೋಣೆಯ ಚಿಕಿತ್ಸೆಗೆ ಅನುಮತಿ ಕೊಡಿ. ಅಲ್ಲಿ ಗುಣವಾಗದಿದ್ದರೆ ನಾನೇ ನಡೆದು ಬಂದು ಆಪರೇಷನ್ ಟೇಬಲ್ಲಿನ ಮೇಲೆ ಮಲಗುತ್ತೇನೆ, ತಮ್ಮನ್ನು ದೂರುವುದಿಲ್ಲ. ಅಲ್ಲಿಯವರೆಗೆ ನನ್ನ ಎದುರು ತುಂಬಿದ ಚೊಂಬಿದೆ. ಜೀವಮಾನವಿಡೀ ಕುಡಿಯದೆ ಬಿಟ್ಟ ನೀರನ್ನು ಈಗ ಗುಟುಕು ಗುಟುಕಾಗಿ ಕುಡಿಯುತ್ತಾ, ತಮ್ಮ ಸಹಿಗೆ ಕಾಯುತ್ತಿದ್ದೇನೆ.

ಇಂತಿ,
ತಮ್ಮ ಕಡತದ ಪ್ರಕಾರ ಪೂರ್ತಿ ಗುಣಮುಖಳಾದ
ಜಯಾ, ಇಸಳೂರು