ನೆನೆಯದ ಸೀರೆ

ಮೇ ೧೭, ಶನಿವಾರ. ಹೊಸೂರು.

ಅಕ್ಕನಿಗೆ ಸುಳ್ಳು ಹೇಳಿದ್ದೇ ತಲೆಯಲ್ಲಿ ಕೊರೆಯುತ್ತಿದೆ.

ಪ್ರತಿ ಬೇಸಿಗೆ ರಜೆಗೂ ನಾವಿಬ್ಬರೂ ರಾಮೇಶ್ವರ ದ್ವೀಪಕ್ಕೆ ಹೋಗುತ್ತಿದ್ದೆವು. ಗುಡಿಯೊಳಗಿನ ಇಪ್ಪತ್ತೆರಡು ತೀರ್ಥದ ಬಾವಿಗಳು, ಧನುಷ್ಕೋಡಿ, ಗಂಧಮಾದನ, ಒಂದನ್ನೂ ಬಿಡುವವಳಲ್ಲ ಅವಳು. ತಲೆ ಮೇಲೆ ನೀರು ಹುಯ್ಯಿಸಿಕೊಳ್ಳುತ್ತಾ ಬಾವಿಯಿಂದ ಬಾವಿಗೆ ಒದ್ದೆ ಸೀರೆಯಲ್ಲೇ ನನ್ನನ್ನು ಎಳೆದುಕೊಂಡು ಓಡುತ್ತಿದ್ದಳು. ನಾನು ಪ್ರತಿ ಸಲವೂ ಗೊಣಗುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ರಂಜಿನಿ ಅಕ್ಕ ಮದುವೆಯಾಗಿ ಸೇಲಂಗೆ ಹೋದಳು. ಒಳ್ಳೆಯದೇ ಆಯಿತು.

ಈ ಸಲ ಒಬ್ಬಳೇ ಹೋದೆ. ಮೊದಲ ಬಾವಿಯ ಕಟ್ಟೆ ಮೇಲೆ ನಿಂತವನು ಬಕೆಟ್ ಎತ್ತಿ, ಎಷ್ಟು ಜನ ಎಂದು ತಮಿಳಿನಲ್ಲಿ ಕೇಳಿದ. ಒಬ್ಬಳೇ ಎನ್ನಲು ಬಾಯಿ ಬರಲಿಲ್ಲ. ಹೊರಗೆ ಬಂದು ಕಡಲ ದಂಡೆಯಲ್ಲಿ ಕುಳಿತೆ. ಇಡೀ ದಿನ ಎಲ್ಲಿಗೂ ಹೋಗಲಿಲ್ಲ, ಏನೂ ನೋಡಲಿಲ್ಲ. ವರ್ಷವರ್ಷವೂ ಅವಳಲ್ಲಿ ಬೇಡಿದ್ದ ಬಿಡುವು ಅದು. ಹಾಯಾಗಿಯೇ ಇತ್ತು. "ಎದ್ದೇಳೇ, ಹೊತ್ತಾಯ್ತು" ಅನ್ನುವವರು ಇರಲಿಲ್ಲ, ಅಷ್ಟೇ.

ಇವತ್ತು ಊರಿಗೆ ಬಂದ ಕೂಡಲೇ ಅವಳ ಫೋನು.

"ಎಲ್ಲಾ ಬಾವಿ ನೀರೂ ಹುಯ್ಯಿಸ್ಕೊಂಡ್ಯಾ?"

"ಹೂಂ ಕಣಕ್ಕಾ. ಒಂದೂ ಬಿಡ್ಲಿಲ್ಲ."

ಅವಳು ನೆಮ್ಮದಿಯ ಉಸಿರು ಬಿಟ್ಟದ್ದು ಕೇಳಿಸಿತು. "ಸದ್ಯ! ನಾನಿಲ್ದೆ ಹೆಂಗ್ ಮಾಡ್ತೀಯೋ ಅಂತಿದ್ದೆ. ಇನ್ಮೇಲೆ ನೀನೊಬ್ಳೇ ಹೋಗ್ಬತ್ತೀಯ ಬಿಡು."

ಹೋಗಿಬರುತ್ತೇನೆ ಎಂದೆ.

ಈಗ ಬ್ಯಾಗು ಬಿಚ್ಚಿದರೆ, ನೆನೆಯಲೆಂದು ಒಯ್ದ ಸೀರೆ ಮಡಿಕೆ ಮುರಿಯದೆ ಹಾಗೇ ಇದೆ. ಅದರ ಕೆಳಗೆ, ರೂಢಿಯಂತೆ ಅವಳಿಗೂ ಇಟ್ಟುಕೊಂಡು ಹೋಗಿದ್ದ ಟವೆಲು. ಅದನ್ನು ಎಲ್ಲಿಡಲಿ?