ಸೋರುವ ಸೂಜಿ

ನವೆಂಬರ್ ೧೮, ಮಂಗಳವಾರ

ಇವತ್ತು ಕೋಶ ಮಿಡಿಯಲಿಲ್ಲ. ಎಂದೂ ಮಿಡಿದಿರಲಿಲ್ಲ ಎಂದು ಗೊತ್ತಾಯಿತು.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕೋಶದಲ್ಲಿ ಕ್ಯಾಲ್ಸಿಯಂ ಒಳಬಿಡುವ ಬಾಗಿಲು, ಅಂದರೆ ಚಾನೆಲ್, ತೆರೆದರೆ ವಿದ್ಯುತ್ತು ಏರುತ್ತದೆ, ಪೊಟ್ಯಾಸಿಯಂ ಚಾನೆಲ್ ತೆರೆದರೆ ಇಳಿಯುತ್ತದೆ. ಆ ಮಿಡಿತದಿಂದಲೇ ಹಾರ್ಮೋನು ಹೊರಬರುತ್ತದೆ. ಮುದಿ ಇಲಿಯಲ್ಲೂ ಅದು ತಾನಾಗಿಯೇ ಮಿಡಿಯುತ್ತದೆ ಎಂಬುದೇ ನನ್ನ ಪಿಎಚ್.ಡಿ. ಪ್ರಬಂಧದ ಜೀವ.

ನನಗಿಂತ ಚಿಕ್ಕವರಾದ ಗೈಡ್ ಬೆಳಿಗ್ಗೆ, ಸೂಜಿ ಅಳೆದ ಕೋಶದ ವಿದ್ಯುತ್ತು ಗೆರೆಯಾಗಿ ಮೂಡುವ ಪರದೆಯನ್ನು ಬಹಳ ಹೊತ್ತು ನೋಡಿದರು. "ಮೇಡಂ, ನಿಮ್ಮ ಗಾಜಿನ ಸೂಜಿ ಕೋಶಕ್ಕೆ ಬಿಗಿಯಾಗಿ ಅಂಟಿಲ್ಲ. ಅಂಚಲ್ಲಿ ಸೋರ್ತಿದೆ. ಆ ಸೋರಿಕೆನೇ ಅದನ್ನ ಕೆಣಕ್ತಿರೋದು. ಕೋಶ ಮಿಡೀತಿಲ್ಲ, ನೀವು ಮಿಡಿಸ್ತಿದ್ದೀರ."

ಹೊಸ ಸೂಜಿ ತೆಗೆದುಕೊಂಡು ಬಿಗಿಯಾಗಿ ಅಂಟಿಸಿದೆ. ಪರದೆಯ ಮೇಲೆ ನೇರ ಗೆರೆ. ಇನ್ನೊಂದು ಕೋಶ, ಮತ್ತೆ ಅದೇ ಗೆರೆ. ಸಂಜೆಯವರೆಗೂ ಅದೇ.

ಇಷ್ಟು ವರ್ಷ ಹಾಡು ಎಂದು ನಾನು ಕೇಳಿದ್ದು, ನಾನೇ ಮಾಡಿದ ಗಾಯದ ನರಳಾಟ.

ಊಟಕ್ಕೆ ಕುಳಿತಾಗ ಮಗಳು ಎಂದಿನಂತೆ ಕೇಳಿದಳು, "ಏನಮ್ಮ, ನಿನ್ನ ಮುದಿ ಇಲಿ ಇವತ್ತು ಏನಂತು?"

"ಏನೂ ಅನ್ನಲಿಲ್ಲ ಕಣೆ."

"ಹಾಗಾದ್ರೆ ಇನ್ನಾದ್ರೂ ಬಿಟ್ಟುಬಿಡು, ಪಾಪ."

ನಕ್ಕೆ. ಅದನ್ನೂ ಬಿಟ್ಟರೆ ನಾಳೆ ಬೆಳಿಗ್ಗೆ ಎದ್ದು ನಾನು ಹೋಗುವುದಾದರೂ ಎಲ್ಲಿಗೆ?